ಹಳೇ ಕಾರಿನ ಕೂಲೆಂಟ್ ಕಮ್ಮಿಯಾಗ್ತಿದೆಯಾ? ನೀರು ತುಂಬಿಸೋ ಮುಂಚೆ ಸೋರೋ ಜಾಗ ಹುಡುಕಿ



ತೋಟದಿಂದ ಮಂಡಿಗೆ, ಮಂಡಿಯಿಂದ ಗೊಬ್ಬರದ ಅಂಗಡಿಗೆ, ಅಲ್ಲಿಂದ ಮನೆಗೆ. ಹಳೇ ಮಾರುತಿ 800, ಓಮ್ನಿ ಇವತ್ತಿಗೂ ಹಳ್ಳಿಯ ಎಷ್ಟೋ ಮನೆಗಳಲ್ಲಿ ಅರ್ಧ ಕಾರು, ಅರ್ಧ ಲಗೇಜ್ ಗಾಡಿ. 800ರ ತಯಾರಿಕೆ 2014ರಲ್ಲಿ ನಿಂತಿತು, ಓಮ್ನಿ 2019ರಲ್ಲಿ. ಅಂದ್ರೆ ಈಗ ಓಡ್ತಿರೋ ಗಾಡಿಗಳ ರಬ್ಬರ್ ಪೈಪು, ಗ್ಯಾಸ್ಕೆಟ್, ರೇಡಿಯೇಟರ್ ಎಲ್ಲಕ್ಕೂ ವಯಸ್ಸಾಗಿದೆ. ಇಂಥ ಗಾಡಿಗಳಲ್ಲಿ ಪದೇ ಪದೇ ಬರೋ ತೊಂದರೆ ಕೂಲೆಂಟ್ ಕಮ್ಮಿಯಾಗೋದು.

ಆಗ ಬಹಳ ಜನ ಮಾಡೋದು ಒಂದೇ ಕೆಲಸ. ಬೆಳಿಗ್ಗೆ ಒಂದು ಬಾಟಲಿ ನೀರು ಹುಯ್ದು ಹೊರಟುಬಿಡೋದು. ನೆನಪಿಡಿ, ಕೂಲೆಂಟ್ ಪೆಟ್ರೋಲ್ ಥರ ಖರ್ಚಾಗೋ ವಸ್ತು ಅಲ್ಲ. ಅದು ಮುಚ್ಚಿದ ವ್ಯವಸ್ಥೆಯೊಳಗೆ ಸುತ್ತುತ್ತಲೇ ಇರುತ್ತೆ. ವಾರ ವಾರ ಕಮ್ಮಿಯಾಗ್ತಿದೆ ಅಂದ್ರೆ ಎಲ್ಲೋ ಹೋಗ್ತಿದೆ. ಎಲ್ಲಿ ಅಂತ ಬೇಗ ಹುಡುಕಿದರೆ ಒಂದು ಕ್ಲಿಪ್ ಅಥವಾ ಪೈಪಿನ ಖರ್ಚಿನಲ್ಲಿ ಮುಗಿಯುತ್ತೆ. ಬಿಟ್ಟರೆ ಇಂಜಿನ್ ಬಿಚ್ಚಬೇಕಾಗುತ್ತೆ. ಅದೂ ಗಾಡಿ ತುಂಬ ಟೊಮ್ಯಾಟೊ ಇರೋ ದಿನವೇ ರಸ್ತೆ ಮಧ್ಯೆ ಕೈ ಕೊಟ್ಟರೆ ನಷ್ಟ ಎರಡು ಕಡೆ.

ಕೂಲೆಂಟ್ ಏನು ಮಾಡುತ್ತೆ?

ಇಂಜಿನ್‌ನ ಬಿಸಿಯನ್ನು ಹೊತ್ತು ರೇಡಿಯೇಟರ್‌ಗೆ ತಂದು, ಅಲ್ಲಿ ಗಾಳಿಗೆ ಬಿಟ್ಟು, ತಣ್ಣಗಾಗಿ ಮತ್ತೆ ಇಂಜಿನ್‌ಗೆ ಹೋಗುತ್ತೆ. ತಳ್ಳೋ ಕೆಲಸ ವಾಟರ್ ಪಂಪಿನದು. ಎಷ್ಟು ಬಿಸಿಯಾದ ಮೇಲೆ ರೇಡಿಯೇಟರ್‌ಗೆ ದಾರಿ ಬಿಡಬೇಕು ಅನ್ನೋದನ್ನು ಥರ್ಮೋಸ್ಟಾಟ್ ನೋಡಿಕೊಳ್ಳುತ್ತೆ.

ಇಲ್ಲಿ ರೇಡಿಯೇಟರ್ ಮುಚ್ಚಳದ ಪಾತ್ರ ದೊಡ್ಡದು. ಅದು ಬರೀ ಮುಚ್ಚಳ ಅಲ್ಲ, ಪ್ರೆಶರ್ ಕುಕ್ಕರ್‌ನ ವೆಯ್ಟ್ ಇದ್ದ ಹಾಗೆ. ಸಾದಾ ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತೆ. ಮುಚ್ಚಳದ ಮೇಲೆ 0.9 ಅಂತ ಇದ್ದರೆ ಅದು 0.9 ಬಾರ್ ಒತ್ತಡ ಹಿಡಿದಿಡುತ್ತೆ, ಆ ಒತ್ತಡದಲ್ಲಿ ನೀರು ಕುದಿಯೋಕೆ ಸುಮಾರು 118 ಡಿಗ್ರಿ ಬೇಕು. ಕೂಲೆಂಟ್ ಬೆರೆತರೆ ಇನ್ನೂ ಜಾಸ್ತಿ. ಹಾಗಾಗಿ ಎಲ್ಲಾದರೂ ಸೋರಿದರೆ ದ್ರವ ಮಾತ್ರ ಹೋಗಲ್ಲ, ಒತ್ತಡವೂ ಹೋಗುತ್ತೆ. ಉಳಿದಿರೋದು ಬೇಗ ಕುದಿಯುತ್ತೆ.

ಮುಟ್ಟೋ ಮುಂಚೆ ಎಚ್ಚರ

ಬಿಸಿ ಇಂಜಿನ್‌ನ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ತೆಗೆದ ಕ್ಷಣ ಒತ್ತಡ ಇಳಿದು, ಕುದಿಯೋ ದ್ರವ ಮುಖ, ಕೈಗೆ ಚಿಮ್ಮುತ್ತೆ. ಬಟ್ಟೆ ಹಿಡಿದು ತೆಗೀತೀನಿ ಅನ್ನೋದೂ ಬೇಡ. ಪರೀಕ್ಷೆಯನ್ನೆಲ್ಲ ಬೆಳಿಗ್ಗೆ, ಗಾಡಿ ರಾತ್ರಿಯಿಡೀ ನಿಂತು ತಣ್ಣಗಾದ ಮೇಲೆ ಶುರು ಮಾಡಿ. ರೇಡಿಯೇಟರ್ ಫ್ಯಾನ್ ಕರೆಂಟಿನದು. ಗಾಡಿ ಬಿಸಿಯಿದ್ದಾಗ ತಾನಾಗೇ ತಿರುಗಬಹುದು. ಕೈ, ಟವೆಲ್ ದೂರ ಇರಲಿ.

ಹಂತ 1: ಎಷ್ಟು ಹೋಗ್ತಿದೆ ಅಂತ ಅಳೆಯಿರಿ

ತಣ್ಣಗಿರುವಾಗ ಎರಡು ಕಡೆ ನೋಡಿ: ಪಕ್ಕದ ಪ್ಲಾಸ್ಟಿಕ್ ಡಬ್ಬ, ಮತ್ತು ಮುಚ್ಚಳ ತೆಗೆದು ರೇಡಿಯೇಟರ್. ಡಬ್ಬ ಮಾತ್ರ ನೋಡಿದರೆ ಮೋಸ ಹೋಗ್ತೀರಿ. ಮುಚ್ಚಳದ ರಬ್ಬರ್ ಕೆಟ್ಟಿದ್ದರೆ ಬಿಸಿಯಾದಾಗ ಡಬ್ಬಕ್ಕೆ ಹೋದ ಕೂಲೆಂಟ್ ತಣ್ಣಗಾದ ಮೇಲೆ ವಾಪಸ್ ಬರೋದೇ ಇಲ್ಲ. ಡಬ್ಬ ತುಂಬಿರುತ್ತೆ, ರೇಡಿಯೇಟರ್ ಖಾಲಿ. ಹಾಗಿದ್ದರೆ ಮೊದಲು ಅದೇ ಒತ್ತಡದ ಗುರುತಿರೋ ಹೊಸ ಮುಚ್ಚಳ ಹಾಕಿ ನೋಡಿ.

ಎರಡನ್ನೂ ಸರಿಯಾದ ಮಟ್ಟಕ್ಕೆ ತುಂಬಿಸಿ, ಡಬ್ಬದ ಮೇಲೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಒಂದು ವಾರ ದಿನಾ ಬೆಳಿಗ್ಗೆ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ದಿನಾಂಕ ತಾನಾಗೇ ಉಳಿಯುತ್ತೆ. ಮೆಕ್ಯಾನಿಕ್ ಹತ್ತಿರ ಹೋದಾಗ “ಸ್ವಲ್ಪ ಕಮ್ಮಿಯಾಗುತ್ತೆ” ಅನ್ನೋ ಮಾತಿಗಿಂತ ಈ ಏಳು ಫೋಟೋಗಳಿಗೆ ಬೆಲೆ ಜಾಸ್ತಿ.

ಹಂತ 2: ಹೊರಗಿನ ಸೋರಿಕೆ ಹುಡುಕಿ

ರಾತ್ರಿ ಗಾಡಿ ನಿಲ್ಲಿಸುವಾಗ ಕೆಳಗೆ ದೊಡ್ಡ ರಟ್ಟು ಹಾಸಿ. ಬೆಳಿಗ್ಗೆ ಕಲೆ ಬಿದ್ದಿದ್ದರೆ ಬೆರಳಿಗೆ ಹಚ್ಚಿ ನೋಡಿ. ಕೂಲೆಂಟ್‌ಗೆ ಬಣ್ಣ ಇರುತ್ತೆ, ಜಾರುತ್ತೆ, ಸಿಹಿ ವಾಸನೆ ಬರುತ್ತೆ. ನಾಲಿಗೆಗೆ ಮಾತ್ರ ತಾಗಿಸಬೇಡಿ, ಅದು ವಿಷ. ಬಣ್ಣ, ವಾಸನೆ, ಜಾರು ಏನೂ ಇಲ್ಲದೆ ಬರೀ ನೀರಾಗಿದ್ದರೆ ಎಸಿಯ ನೀರಿರಬಹುದು. ಅದಕ್ಕೆ ಚಿಂತೆ ಬೇಡ. ಆದರೆ ನೀವು ಇಷ್ಟು ದಿನ ಬರೀ ನೀರೇ ತುಂಬಿಸ್ತಾ ಬಂದಿದ್ದರೆ ಈ ಗುರುತು ಸಿಗಲ್ಲ. ಆಗ ಹನಿ ಬಿದ್ದ ಜಾಗದಿಂದ ಮೇಲಕ್ಕೆ ನೋಡ್ತಾ ಹೋಗಬೇಕು.

ಡ್ರಿಪ್ ಲೈನ್‌ನಲ್ಲಿ ತೂತು ಹುಡುಕೋದು ಗೊತ್ತಲ್ಲ? ಪಂಪ್ ಆಫ್ ಇದ್ದಾಗ ತೂತು ಕಾಣಲ್ಲ, ಪ್ರೆಶರ್ ಬಂದಾಗಲೇ ಚಿಮ್ಮುತ್ತೆ. ಇಲ್ಲೂ ಅದೇ. ತಣ್ಣಗಿದ್ದಾಗ ಒಣಗಿದ ಗುರುತು ನೋಡಿ, ಇಂಜಿನ್ ಬಿಸಿಯಾದ ಮೇಲೆ ಮುಚ್ಚಳ ಮುಟ್ಟದೆ ಟಾರ್ಚ್ ಹಿಡಿದು ಹನಿ ನೋಡಿ. ಕಣ್ಣಿಗೆ ಕಾಣದ ಸಂದಿಯನ್ನು ಇಂಜಿನ್ ಆಫ್ ಮಾಡಿ, ಬಿಸಿ ಭಾಗಕ್ಕೆ ಕೈ ತಾಗದ ಹಾಗೆ ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಳ್ಳಿ. ಓಮ್ನಿಯಲ್ಲಿ ಇಂಜಿನ್ ಇರೋದು ಮುಂದಿನ ಸೀಟಿನ ಕೆಳಗೆ, ಹಾಗಾಗಿ ಸೀಟು ಎತ್ತಿಯೂ ನೋಡಬೇಕು, ಗಾಡಿಯ ಕೆಳಗಿನಿಂದಲೂ ನೋಡಬೇಕು.

ಕ್ರಮವಾಗಿ ಇವನ್ನು ನೋಡಿ:

1. ಪೈಪು ಮತ್ತು ಕ್ಲಿಪ್: ತಣ್ಣಗಿದ್ದಾಗ ಪೈಪನ್ನು ಅದುಮಿ. ಮೆತ್ತಗೆ ಸ್ಪಂಜಿನ ಹಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಕ್ಲಿಪ್ ಹತ್ತಿರ ಉಬ್ಬಿದ್ದರೆ ಬದಲಾಯಿಸಿ. ಕ್ಲಿಪ್ ಸುತ್ತ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅಲ್ಲೇ ಸೋರಿ ಒಣಗಿದೆ ಅಂತ ಅರ್ಥ.

2. ರೇಡಿಯೇಟರ್: ಜಾಲರಿಯಲ್ಲಿ ಒದ್ದೆ ಅಥವಾ ಬಣ್ಣದ ಕಲೆ, ಪಕ್ಕದ ಟ್ಯಾಂಕ್ ಸೇರೋ ಜೋಡಣೆಯಲ್ಲಿ ಪುಡಿ ಕಾಣುತ್ತಾ ನೋಡಿ.

3. ವಾಟರ್ ಪಂಪ್: ಪಂಪಿನ ಕೆಳಭಾಗದಲ್ಲಿ ಒಂದು ಸಣ್ಣ ತೂತು ಬೇಕಂತಲೇ ಬಿಟ್ಟಿರ್ತಾರೆ. ಒಳಗಿನ ಸೀಲ್ ಹೋದರೆ ಅಲ್ಲಿಂದ ಹನಿ ಬೀಳುತ್ತೆ. ಆ ತೂತನ್ನು ಮುಚ್ಚಬೇಡಿ, ಪಂಪ್ ಬದಲಾಯಿಸಿ. ಇಂಜಿನ್ ಆಫ್ ಇದ್ದಾಗ ಪುಲ್ಲಿ ಅಲ್ಲಾಡಿಸಿ. ಆಡ್ತಿದ್ದರೆ ಬೇರಿಂಗೂ ಹೋಗಿದೆ.

4. ಥರ್ಮೋಸ್ಟಾಟ್ ಕವರ್: ಮೇಲಿನ ದಪ್ಪ ಪೈಪು ಇಂಜಿನ್‌ಗೆ ಸೇರೋ ಜಾಗ. ಗ್ಯಾಸ್ಕೆಟ್ ಹಳೆಯದಾದರೆ ಅಂಚಿನಲ್ಲಿ ಜಿನುಗುತ್ತೆ.

5. ಹೀಟರ್: ಹೀಟರ್ ಇರೋ ಗಾಡಿಯಲ್ಲಿ ಮುಂದಿನ ಮ್ಯಾಟ್ ಕೆಳಗೆ ಒದ್ದೆ, ಒಳಗೆ ಸಿಹಿ ವಾಸನೆ, ಗಾಜಿಗೆ ಜಿಡ್ಡಿನ ಮಂಜು ಬಂದರೆ ಹೀಟರ್ ಕಡೆ ಸೋರಿಕೆ.

6. ಇಂಜಿನ್ ಪಕ್ಕದ ಬಿಲ್ಲೆಗಳು: ಇಂಜಿನ್ ಬ್ಲಾಕ್‌ನಲ್ಲಿ ನಾಣ್ಯದ ಹಾಗಿರೋ ತಗಡಿನ ಮುಚ್ಚಳಗಳಿರ್ತವೆ. ವರ್ಷಗಟ್ಟಲೆ ಬರೀ ನೀರು ಹಾಕಿದರೆ ಇವು ತುಕ್ಕು ತಿಂದು ತೂತಾಗ್ತವೆ. ಕೆಳಗೆ ತುಕ್ಕಿನ ಗೆರೆ ಇಳಿದಿರುತ್ತೆ.

ಇಷ್ಟರಲ್ಲೂ ಸಿಗದಿದ್ದರೆ ಗ್ಯಾರೇಜ್‌ನಲ್ಲಿ ಪ್ರೆಶರ್ ಟೆಸ್ಟ್ ಮಾಡಿಸಿ. ಮುಚ್ಚಳದ ಜಾಗಕ್ಕೆ ಕೈಪಂಪ್ ಸಿಕ್ಕಿಸಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಡ್ತಾರೆ. ಮುಳ್ಳು ಇಳಿದರೆ ಸೋರಿಕೆ ಖಚಿತ, ಹನಿ ಬೀಳೋ ಜಾಗವೂ ಕಾಣುತ್ತೆ.

ಹಂತ 3: ಹೊರಗೆ ಹನಿ ಇಲ್ಲ, ಆದ್ರೂ ಕಮ್ಮಿಯಾಗ್ತಿದೆ

ಆಗ ಇಂಜಿನ್ ಒಳಗೇ ಹೋಗ್ತಿರಬಹುದು. ಸಾಮಾನ್ಯವಾಗಿ ಹೆಡ್ ಗ್ಯಾಸ್ಕೆಟ್ ಸುಟ್ಟಿರುತ್ತೆ. ಗುರುತುಗಳು:

- ಇಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಲ್ಲಿ ದಟ್ಟ ಬಿಳಿ ಹೊಗೆ, ಸಿಹಿ ವಾಸನೆ. (ಚಳಿಗಾಲದ ಬೆಳಿಗ್ಗೆ ಎರಡು ನಿಮಿಷ ಬರೋ ಆವಿ ಲೆಕ್ಕಕ್ಕಿಲ್ಲ.)
- ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆತ ಕಾಫಿ ಥರ ಕಾಣೋದು. ಆಯಿಲ್ ಮುಚ್ಚಳದ ಅಡಿ ಮಾತ್ರ ಸ್ವಲ್ಪ ಬೆಳ್ಳಗಿದ್ದರೆ ಅದು ಬರೀ ತೇವಾಂಶವೂ ಇರಬಹುದು.
- ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷದಲ್ಲೇ ಮೇಲಿನ ಪೈಪು ಕಲ್ಲಿನ ಹಾಗೆ ಗಟ್ಟಿಯಾಗೋದು.
- ಮೂರು ಸ್ಪಾರ್ಕ್ ಪ್ಲಗ್‌ಗಳಲ್ಲಿ ಒಂದು ಮಾತ್ರ ತೊಳೆದಿಟ್ಟ ಹಾಗೆ ಸ್ವಚ್ಛವಾಗಿರೋದು.

ಈ ಗುರುತು ಕಂಡರೆ ಗಾಡಿ ಓಡಿಸಬೇಡಿ. ಆಯಿಲ್‌ಗೆ ಕೂಲೆಂಟ್ ಸೇರಿದರೆ ಬೇರಿಂಗ್‌ಗಳು ಹಾಳಾಗ್ತವೆ. ಇದು ಮನೇಲಿ ಮಾಡೋ ಕೆಲಸ ಅಲ್ಲ. ಹೆಡ್ ಬಿಚ್ಚಿದಾಗ ಅದು ಸೊಟ್ಟಗಾಗಿದೆಯಾ, ಬಿರುಕಿದೆಯಾ ಅಂತ ಲೇತ್ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿಯೇ ಹೊಸ ಗ್ಯಾಸ್ಕೆಟ್ ಹಾಕಿಸಿ. ಸೊಟ್ಟ ಹೆಡ್ ಮೇಲೆ ಹೊಸ ಗ್ಯಾಸ್ಕೆಟ್ ಹೆಚ್ಚು ದಿನ ಬಾಳಲ್ಲ.

ಪೈಪು ನೀವೇ ಬದಲಾಯಿಸೋದು ಹೇಗೆ?

ಇಂಜಿನ್ ತಣ್ಣಗಿರಲಿ. ಕೆಳಗೆ ಅಗಲ ಬೋಗುಣಿ ಇಟ್ಟು ಕೂಲೆಂಟ್ ಇಳಿಸಿ. ಕ್ಲಿಪ್ ಸಡಿಲ ಮಾಡಿ. ಹಳೇ ಪೈಪು ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ರೇಡಿಯೇಟರ್ ಕತ್ತು ಮುರಿಯುತ್ತೆ. ಪೈಪನ್ನೇ ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆಯಿರಿ. ಕತ್ತಿನ ಮೇಲಿನ ಪುಡಿ, ತುಕ್ಕು ಉಜ್ಜಿ. ಹೊಸ ಪೈಪನ್ನು ಕತ್ತಿನ ಉಬ್ಬು ದಾಟಿ ಪೂರ್ತಿ ಒಳಗೆ ಕೂರಿಸಿ, ಕ್ಲಿಪ್ ಉಬ್ಬಿನ ಹಿಂದೆ ಬರೋ ಹಾಗೆ ಬಿಗಿ ಮಾಡಿ. ರಬ್ಬರ್ ಕತ್ತರಿಸೋಷ್ಟು ಬಿಗಿ ಬೇಡ. ಮೇಲಿನ ಪೈಪು, ಕೆಳಗಿನ ಪೈಪು ಒಟ್ಟಿಗೇ ಬದಲಾಯಿಸೋದು ಒಳ್ಳೇದು. ಎರಡಕ್ಕೂ ಒಂದೇ ವಯಸ್ಸು.

ತುಂಬಿಸೋಕೆ ಬೋರ್ ನೀರು ಬೇಡ. ಹಂಡೆಯ ತಳದಲ್ಲಿ ಕಟ್ಟೋ ಸುಣ್ಣದ ಪದರ ನೋಡಿದ್ದೀರಲ್ಲ, ಅದೇ ಪದರ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತೆ. ಕಾನ್ಸಂಟ್ರೇಟ್ ತಂದರೆ ಡಬ್ಬದ ಮೇಲಿನ ಅಳತೆ ನೋಡಿ ಡಿಸ್ಟಿಲ್ಡ್ ವಾಟರ್ ಬೆರೆಸಿ. ಸಾಮಾನ್ಯವಾಗಿ ಅರ್ಧಕ್ಕರ್ಧ. ರೆಡಿಮಿಕ್ಸ್ ಆದರೆ ಹಾಗೇ ಹಾಕಿ. ನೀರಿಲ್ಲದ ಗಟ್ಟಿ ಕೂಲೆಂಟ್ ಹಾಕಿದರೆ ಇನ್ನೂ ಒಳ್ಳೇದು ಅಂದ್ಕೋಬೇಡಿ, ಬಿಸಿ ಹೊರೋದರಲ್ಲಿ ನೀರೇ ಮುಂದು. ಬೇರೆ ಬೇರೆ ಜಾತಿಯ ಕೂಲೆಂಟ್ ಬೆರೆಸಬೇಡಿ, ಬಣ್ಣ ಒಂದೇ ಇದ್ದ ಮಾತ್ರಕ್ಕೆ ಜಾತಿ ಒಂದೇ ಆಗಲ್ಲ.

ಕೊನೆಗೆ ಗಾಳಿ ತೆಗೆಯೋದು ಮರೀಬೇಡಿ. ಗಾಡಿಯ ಮೂತಿ ಸ್ವಲ್ಪ ಎತ್ತರಕ್ಕಿರಲಿ, ಹೀಟರ್ ಇದ್ದರೆ ಪೂರ್ತಿ ಬಿಸಿ ಕಡೆ ಇಡಿ. ತಣ್ಣಗಿರುವಾಗಲೇ ಮುಚ್ಚಳ ತೆಗೆದು, ನಿಧಾನವಾಗಿ ತುಂಬಿಸಿ, ಇಂಜಿನ್ ಐಡಲ್‌ನಲ್ಲಿ ಬಿಡಿ. ಮೇಲೆ ಬಾಗಿ ನೋಡಬೇಡಿ. ಗುಳ್ಳೆ ಬಂದು ಮಟ್ಟ ಇಳಿದ ಹಾಗೆ ತುಂಬಿಸಿ. ಮೇಲಿನ ಪೈಪು ಬಿಸಿಯಾಗಿ, ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ. ಮಟ್ಟ ಉಕ್ಕೋಕೆ ಶುರುವಾದರೆ ಇಂಜಿನ್ ಆಫ್ ಮಾಡಿ ತಣ್ಣಗಾಗಲು ಬಿಡಿ. ಎಷ್ಟು ಹೊತ್ತಾದರೂ ಗುಳ್ಳೆ ನಿಲ್ಲದಿದ್ದರೆ ಹಂತ 3ಕ್ಕೆ ವಾಪಸ್ ಹೋಗಿ. ಮಾರನೇ ದಿನ ತಣ್ಣಗಿದ್ದಾಗ ಮತ್ತೆ ಮಟ್ಟ ನೋಡಿ.

ಅರಿಶಿನ, ಎಂ-ಸೀಲ್, ಸೋರಿಕೆ ನಿಲ್ಲಿಸೋ ಪುಡಿ

ರೇಡಿಯೇಟರ್‌ಗೆ ಅರಿಶಿನ ಪುಡಿ ಹಾಕೋದು ಹಳೇ ಡ್ರೈವರ್‌ಗಳ ಉಪಾಯ. ಪುಡಿ ಸಣ್ಣ ತೂತಿಗೆ ಹೋಗಿ ಕೂರುತ್ತೆ ನಿಜ. ಆದರೆ ಅದಕ್ಕೆ ತೂತು ಯಾವುದು, ಕೊಳವೆ ಯಾವುದು ಅಂತ ಗೊತ್ತಾಗಲ್ಲ. ಎರಡನ್ನೂ ಕಟ್ಟಿಸುತ್ತೆ. ಅಂಗಡಿಯ ಪುಡಿಗೂ ಇದೇ ಮಾತು. ಗ್ಯಾರೇಜ್ ಮುಟ್ಟೋ ತನಕ ಬೇರೆ ದಾರಿ ಇಲ್ಲ ಅಂದ್ರೆ ಮಾತ್ರ, ಆಮೇಲೆ ಪೂರ್ತಿ ತೊಳೆಸಲೇಬೇಕು.

ದಾರಿಯಲ್ಲಿ ಮುಳ್ಳು ಮೇಲೇರಿದರೆ

ಎಸಿ ಆಫ್ ಮಾಡಿ, ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ. ಹೊರೆ ಇದೆ, ಊರು ಹತ್ತಿರ ಇದೆ ಅಂತ ಎಳೆಯಬೇಡಿ. ಹೆಡ್ ಸೊಟ್ಟಗಾಗೋದು ಆ ಕೊನೇ ಎರಡು ಕಿಲೋಮೀಟರ್‌ನಲ್ಲೇ. ಬ್ಯಾಟರಿ ದೀಪವೂ ಹತ್ತಿದ್ದರೆ ಬೆಲ್ಟ್ ನೋಡಿ. ಈ ಇಂಜಿನ್‌ನಲ್ಲಿ ಆಲ್ಟರ್ನೇಟರ್, ವಾಟರ್ ಪಂಪ್ ಎರಡಕ್ಕೂ ಒಂದೇ ಬೆಲ್ಟ್. ಕನಿಷ್ಠ ಮುಕ್ಕಾಲು ಗಂಟೆ ಕಾದು, ಪೈಪು ಕೈಗೆ ತಣ್ಣಗಾದ ಮೇಲೆ ನೀರು ಹಾಕಿ. ಕಾದ ಇಂಜಿನ್‌ಗೆ ತಣ್ಣೀರು ಹುಯ್ದರೆ ಹೆಡ್ ಬಿರುಕು ಬಿಡಬಹುದು. ಆಪತ್ತಿಗೆ ಯಾವ ನೀರಾದರೂ ಸರಿ, ಆಮೇಲೆ ಇಳಿಸಿ ಕೂಲೆಂಟ್ ಹಾಕಿಸಿ.

ಇನ್ನೊಂದು ಮಾತು. ಬಿಸಿಯಾಗಿದ್ದ ಗಾಡಿಯ ಮುಳ್ಳು ಇದ್ದಕ್ಕಿದ್ದ ಹಾಗೆ ಕೆಳಗೆ ಬಿದ್ದರೆ ಖುಷಿ ಪಡಬೇಡಿ. ಕೂಲೆಂಟ್ ಪೂರ್ತಿ ಖಾಲಿಯಾಗಿ ಸೆನ್ಸರ್ ಗಾಳಿಯಲ್ಲಿ ನಿಂತಿದ್ದರೂ ಹಾಗೆ ತೋರಿಸಬಹುದು.

ದನ, ನಾಯಿಗಳ ಕಡೆ ಗಮನ

ಬಹುತೇಕ ಕೂಲೆಂಟ್‌ಗಳಲ್ಲಿ ಇರೋದು ಎಥಿಲೀನ್ ಗ್ಲೈಕಾಲ್. ರುಚಿ ಸಿಹಿ, ಆದರೆ ಮೂತ್ರಪಿಂಡ ಹಾಳು ಮಾಡೋ ವಿಷ. ಸ್ವಲ್ಪ ನೆಕ್ಕಿದರೂ ನಾಯಿ, ಬೆಕ್ಕು ಸಾಯಬಹುದು. ಕರುಗಳಿಗೂ ಅಪಾಯ. ಗಾಡಿಯನ್ನು ಕೊಟ್ಟಿಗೆ ಪಕ್ಕ ನಿಲ್ಲಿಸೋರು ಸೋರಿಕೆಯನ್ನು ಒಂದು ರಾತ್ರಿಯೂ ಹಾಗೇ ಬಿಡಬೇಡಿ. ಚೆಲ್ಲಿದ್ದರ ಮೇಲೆ ಒಣ ಮಣ್ಣು ಅಥವಾ ಮರದ ಪುಡಿ ಹಾಕಿ ಬಾಚಿ ತೆಗೆದು, ಜಾಗ ತೊಳೆಯಿರಿ. ಇಳಿಸಿದ ಹಳೇ ಕೂಲೆಂಟನ್ನು ಕಾಲುವೆಗೆ, ಬಾವಿ ಹತ್ತಿರ ಚೆಲ್ಲಬೇಡಿ. ಮುಚ್ಚಳ ಇರೋ ಕ್ಯಾನ್‌ಗೆ ತುಂಬಿ, ಮೇಲೆ ‘ವಿಷ’ ಅಂತ ಬರೆದು, ಹಳೇ ಆಯಿಲ್ ತಗೊಳ್ಳೋ ಗ್ಯಾರೇಜ್‌ನಲ್ಲಿ ವಿಚಾರಿಸಿ ಕೊಡಿ. ಯಾವುದಾದರೂ ಪ್ರಾಣಿ ಕುಡಿದ ಅನುಮಾನ ಬಂದರೆ ಲಕ್ಷಣ ಕಾಣೋ ತನಕ ಕಾಯದೆ ಪಶುವೈದ್ಯರಿಗೆ ಫೋನ್ ಮಾಡಿ.

ಮುಂದಿನ ಸಂತೆಗೆ ಹೊರಡೋ ಮುಂಚಿನ ರಾತ್ರಿ ಗಾಡಿ ಕೆಳಗೆ ಒಂದು ರಟ್ಟು ಹಾಸಿ ನೋಡಿ. ಬೆಳಿಗ್ಗೆ ಅದು ಒಣಗಿದ್ದು, ಡಬ್ಬದ ಮಟ್ಟ ಗೆರೆಯಲ್ಲೇ ಇದ್ದರೆ ನಿಶ್ಚಿಂತೆಯಿಂದ ಲೋಡ್ ಮಾಡಿ. ಇಲ್ಲದಿದ್ದರೆ ಹೊರೆಯನ್ನು ಬೇರೆ ಗಾಡಿಗೆ ಹಾಕಿ, ಅವತ್ತೇ ಜಾಗ ಹುಡುಕಿ.