ಕಂಬ ನಿಂತ ಮೇಲಿನ ಹೊಣೆ

2020ರ ಅಕ್ಟೋಬರ್ 12, ಸೋಮವಾರ. ಬೆಳಿಗ್ಗೆ ಹತ್ತು ಗಂಟೆ ಕಳೆಯುತ್ತಿದ್ದಂತೆ ಮುಂಬೈಯಲ್ಲಿ ಕರೆಂಟು ಹೋಯಿತು. ಲೋಕಲ್ ರೈಲುಗಳು ಇದ್ದಲ್ಲೇ ನಿಂತವು, ಕೋವಿಡ್ ರೋಗಿಗಳಿದ್ದ ಆಸ್ಪತ್ರೆಗಳಲ್ಲಿ ಜನರೇಟರುಗಳು ಗುಡುಗಿದವು, ಮುಂಬೈ ವಿಶ್ವವಿದ್ಯಾಲಯದ ಆನ್‌ಲೈನ್ ಪರೀಕ್ಷೆಗಳು ಮುಂದಕ್ಕೆ ಹೋದವು. ಬಹುಪಾಲು ಬಡಾವಣೆಗಳಿಗೆ ಕೆಲವೇ ಗಂಟೆಗಳಲ್ಲಿ ಕರೆಂಟು ಮರಳಿತು. ಅಂದೇ ಮುಖ್ಯಮಂತ್ರಿ ತನಿಖೆಗೆ ಆದೇಶಿಸಿದರು. ಮಹಾರಾಷ್ಟ್ರದ ವಿದ್ಯುತ್ ನಿಯಂತ್ರಣ ಆಯೋಗ ಯಾರಾದರೂ ಅರ್ಜಿ ಹಾಕಲೆಂದು ಕಾಯದೆ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ನಗರಕ್ಕೆ ಇನ್ನಷ್ಟು ಗಟ್ಟಿಯಾದ ಮಾರ್ಗ ಬೇಕೆಂಬ ಮಾತಿಗೆ ಬಲ ಬಂತು. 2023ರಲ್ಲಿ ಖಾರ್ಘರ್–ವಿಕ್ರೋಲಿ 400 ಕೆ.ವಿ. ಮಾರ್ಗ ಚಾಲೂ ಆಯಿತು.

ಇದರಲ್ಲಿ ನಾನು ತಪ್ಪು ಹುಡುಕುತ್ತಿಲ್ಲ. ಸರ್ಕಾರ ಎಂದರೆ ಹೀಗೇ ಇರಬೇಕು. ಕರೆಂಟು ಹೋದರೆ ಯಾಕೆ ಹೋಯಿತು, ಯಾರ ತಪ್ಪು, ಮುಂದೆ ಹೋಗದಂತೆ ಏನು ಮಾಡಬೇಕು ಎಂದು ಕೇಳುವವರು ಇರಬೇಕು, ಉತ್ತರ ಕೊಡುವವರೂ ಇರಬೇಕು. ನನ್ನ ತಕರಾರು ಬೇರೆ. ಹಳ್ಳಿಯಲ್ಲಿ ಮೂರು ದಿನ ಕರೆಂಟಿಲ್ಲದಿದ್ದರೆ ಈ ಕೇಳುವವರೂ ಇಲ್ಲ, ಉತ್ತರ ಕೊಡುವವರೂ ಇಲ್ಲ.

ಮುಂಬೈಯ ವಡಾಲದಲ್ಲಿ ನಿಂತು ಇದನ್ನು ಹೇಳುವುದಕ್ಕೆ ಕಾರಣವಿದೆ. ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ ಇರುವ ಈ ಬಡಾವಣೆ ಮುಂಬೈ ಕನ್ನಡಿಗರಿಗೆ ಹಳೆಯ ನೆಲೆ. ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ದುಡಿದ ಎಷ್ಟೋ ಹುಡುಗರು ಈ ನಗರದ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತರು. ಊರಿನಲ್ಲಿ ಚಿಮಣಿ ದೀಪ ಬಿಟ್ಟರೆ ಬೇರೆ ಕಂಡಿರದ ಕಣ್ಣುಗಳಿಗೆ ಇಲ್ಲಿ ರಾತ್ರಿ ಹತ್ತಕ್ಕೂ ಬಲ್ಬು ಉರಿಯುತ್ತಿತ್ತು. ವಡಾಲಕ್ಕೆ ಕರೆಂಟು ಕೊಡುವ ಬೆಸ್ಟ್ ಸಂಸ್ಥೆ 1947ರ ಆಗಸ್ಟ್ 7ರಂದು ಖಾಸಗಿ ಕಂಪನಿಯ ಕೈಯಿಂದ ನಗರಸಭೆಯ ಕೈಗೆ ಬಂತು. ಸ್ವಾತಂತ್ರ್ಯಕ್ಕೆ ಎಂಟು ದಿನ ಮುಂಚೆಯೇ ಈ ನಗರದ ದೀಪ ಜನರ ಆಸ್ತಿಯಾಯಿತು. ಇಂದಿಗೂ ಇಲ್ಲಿಂದ ಊರಿಗೆ ಫೋನು ಮಾಡಿದರೆ ಮಳೆ, ಬೆಳೆಯ ಸಂಗಡವೇ ಬರುವ ಮಾತು ಕರೆಂಟಿನದು.

ಈ ನಗರದ ಬೆಳಕು ಎಲ್ಲಿಂದ ಬಂತು ಎಂಬುದನ್ನೂ ಮರೆಯಬಾರದು. 1915ರಲ್ಲಿ ಟಾಟಾ ಕಂಪನಿ ಖೋಪೋಲಿಯಲ್ಲಿ ಜಲವಿದ್ಯುತ್ ಉತ್ಪಾದನೆ ಆರಂಭಿಸಿ ಮುಂಬೈಯ ಗಿರಣಿಗಳಿಗೆ ಕಳಿಸಿತು. ಮುಂದೆ ಮುಳಶಿಯಲ್ಲಿ ಅಣೆಕಟ್ಟು ಏಳುವಾಗ ಮಾವಳ ಪ್ರದೇಶದ ರೈತರು ತಮ್ಮ ಗದ್ದೆಗಳಿಗಾಗಿ ಸತ್ಯಾಗ್ರಹ ಮಾಡಿದರು. 1921ರಲ್ಲಿ ಶುರುವಾದ ಆ ಹೋರಾಟದ ಮುಂದಾಳು ಪಾಂಡುರಂಗ ಮಹಾದೇವ ಬಾಪಟರು. ಜನ ಅವರನ್ನು ಸೇನಾಪತಿ ಎಂದು ಕರೆದದ್ದು ಆ ಹೋರಾಟದಿಂದಲೇ. ಅಣೆಕಟ್ಟು ನಿಂತಿತು, ಊರುಗಳು ಮುಳುಗಿದವು, ಗಿರಣಿಗಳು ತಿರುಗಿದವು. ನಮ್ಮ ಶರಾವತಿಯ ಕಥೆಯೂ ಇದೇ. 1964ರಲ್ಲಿ ಲಿಂಗನಮಕ್ಕಿ ಜಲಾಶಯ ತುಂಬಿದಾಗ ಮನೆ, ತೋಟ ಬಿಟ್ಟು ಎದ್ದವರ ಮಕ್ಕಳು, ಮೊಮ್ಮಕ್ಕಳು ಜಮೀನಿನ ಹಕ್ಕಿಗಾಗಿ ಇಂದಿಗೂ ಕಚೇರಿಗಳಿಗೆ ಅಲೆಯುತ್ತಿದ್ದಾರೆ.

ವಡಾಲಕ್ಕೆ ಹತ್ತಿರದ ಸಾಕ್ಷಿ ಬೇಕೆಂದರೆ ಶಿವಡಿಯ ಆಚೆ ಸಮುದ್ರದಲ್ಲಿ ಘಾರಾಪುರಿ ಇದೆ, ಎಲಿಫೆಂಟಾ ಗುಹೆಗಳ ದ್ವೀಪ. ಗೇಟ್‌ವೇ ಆಫ್ ಇಂಡಿಯಾದಿಂದ ಸುಮಾರು 10 ಕಿಲೋಮೀಟರ್ ದೂರ. 1987ರಲ್ಲೇ ಅಲ್ಲಿನ ಗುಹೆಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ದ್ವೀಪದ ಮೂರು ಊರುಗಳ ಜನ ಮಾತ್ರ ಸಂಜೆ ಕೆಲವು ಗಂಟೆ ಜನರೇಟರ್ ಓಡಿದರೆ ದೀಪ, ಇಲ್ಲವಾದರೆ ಕತ್ತಲೆ ಎಂದು ಬದುಕಿದರು. ಎದುರಿಗೆ ಇಡೀ ಮುಂಬೈ ಝಗಮಗಿಸುತ್ತಿತ್ತು. ಸಮುದ್ರದಡಿ ಏಳೂವರೆ ಕಿಲೋಮೀಟರ್ ಕೇಬಲ್ ಎಳೆದು ಅವರಿಗೆ ಕಾಯಂ ಕರೆಂಟು ಕೊಟ್ಟದ್ದು 2018ರ ಫೆಬ್ರವರಿಯಲ್ಲಿ. ಕೇಬಲ್ ಎಳೆದದ್ದು ಸರ್ಕಾರದ ವಿತರಣಾ ಕಂಪನಿಯೇ. ಆ ಪುಟ್ಟ ಊರುಗಳಿಂದ ಬರುವ ಬಿಲ್ಲಿನಲ್ಲಿ ಅಷ್ಟು ಖರ್ಚು ಹುಟ್ಟಲಾರದು. ಲಾಭ ನೋಡುವ ಯಾರೂ ಆ ಕೇಬಲ್ ಎಳೆಯುತ್ತಿರಲಿಲ್ಲ. ಸರ್ಕಾರದ ಹೊಣೆ ಎನ್ನುವುದು ಇದನ್ನೇ. ಅದಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಎಪ್ಪತ್ತು ವರ್ಷ ಬೇಕಾಯಿತು ಎಂಬುದೇ ನೋವು.

ಕಾನೂನಿನಲ್ಲಿ ಈ ಹೊಣೆ ಮಸುಕಾಗಿಯೇನೂ ಇಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 6ನೇ ಸೆಕ್ಷನ್, ಹಳ್ಳಿ ಮತ್ತು ಮಜರೆಗಳಿಗೆಲ್ಲ ವಿದ್ಯುತ್ ತಲುಪಿಸಲು ಕೇಂದ್ರ, ರಾಜ್ಯ ಸರ್ಕಾರಗಳು ಕೂಡಿ ಶ್ರಮಿಸಬೇಕೆನ್ನುತ್ತದೆ. ಸೇವೆಯ ಮಾನದಂಡ ತಪ್ಪಿದರೆ ಗ್ರಾಹಕನಿಗೆ ಪರಿಹಾರ ಕೊಡಬೇಕೆಂದು 57ನೇ ಸೆಕ್ಷನ್ ಹೇಳುತ್ತದೆ. ಕರೆಂಟು ಮೂಲಭೂತ ಸೌಕರ್ಯ, ಅದನ್ನು ತಪ್ಪಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಆದರೆ ನಿಯಮಗಳ ಒಳಗೇ ಹಳ್ಳಿಗೊಂದು ಅಳತೆ, ಪೇಟೆಗೊಂದು ಅಳತೆ. ಊರಿನ ನೂರು ಮನೆಗಳಲ್ಲಿ ಹತ್ತಕ್ಕೆ, ಜೊತೆಗೆ ಶಾಲೆ, ಪಂಚಾಯಿತಿಯಂಥ ಕಟ್ಟಡಗಳಿಗೆ ಕರೆಂಟು ಬಂದರೆ ಆ ಊರು ವಿದ್ಯುದೀಕರಣಗೊಂಡಂತೆ ಎಂಬುದು 2004ರಿಂದ ನಡೆದುಬಂದ ಲೆಕ್ಕ. ದಿನಕ್ಕೆಷ್ಟು ಗಂಟೆ ಕರೆಂಟು ಇರುತ್ತದೆ ಎಂಬುದು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. 2018ರ ಏಪ್ರಿಲ್ 28ರಂದು ಮಣಿಪುರದ ಲೈಸಾಂಗ್ ಹಳ್ಳಿಯೂ ಸೇರಿ, ದೇಶದ ಎಲ್ಲ ಹಳ್ಳಿಗೂ ವಿದ್ಯುತ್ ತಲುಪಿತು ಎಂದು ಘೋಷಿಸಿದ್ದು ಈ ಲೆಕ್ಕದ ಮೇಲೆಯೇ. 2020ರ ಗ್ರಾಹಕರ ಹಕ್ಕುಗಳ ನಿಯಮ ಎಲ್ಲರಿಗೂ ದಿನದ 24 ಗಂಟೆ ಎಂದಿತು. ಕೃಷಿಯಂಥ ಬಳಕೆಗೆ ಕಡಿಮೆ ಗಂಟೆ ಗೊತ್ತುಮಾಡಬಹುದು ಎಂದು ಅಲ್ಲೇ ಸೇರಿಸಿತು. ಕರ್ನಾಟಕದಲ್ಲಿ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಟ್ಟರೆ ಬದಲಿಸಲು ನಗರದಲ್ಲಿ 24 ಗಂಟೆ, ಹಳ್ಳಿಯಲ್ಲಿ 72 ಗಂಟೆ ಗಡುವು. ಮೂರು ದಿನವೆಂದರೆ ಕುಡಿಯುವ ನೀರಿನ ಟ್ಯಾಂಕು ಬರಿದಾಗುತ್ತದೆ, ಹಿಟ್ಟಿನ ಗಿರಣಿ ನಿಲ್ಲುತ್ತದೆ, ಬೇಸಿಗೆಯ ಬೆಳೆ ಬಾಡುತ್ತದೆ. ದೂರ, ದಾರಿ ಎಂದು ಕಾರಣ ಹೇಳುತ್ತಾರೆ. ದೂರವೆಂದಾದರೆ ಹೋಬಳಿಗೊಂದು ಟಿ.ಸಿ. ದಾಸ್ತಾನು ಇರಲಿ, ಪವರ್‌ಮ್ಯಾನ್‌ಗಳ ಸಂಖ್ಯೆ ಹೆಚ್ಚಲಿ. ಮಳೆಗಾಲದಲ್ಲಿ ಕಂಬ ಹತ್ತುವ ಆ ಹುಡುಗರ ಮೇಲೆ ಎಷ್ಟು ಊರುಗಳ ಭಾರವಿದೆ ಎಂಬುದನ್ನು ಹಳ್ಳಿಯವರೆಲ್ಲ ಬಲ್ಲರು.

ಇನ್ನು ರಾತ್ರಿಯ ಪಾಳಿ. 2023ರ ಬರದಲ್ಲಿ ಕರ್ನಾಟಕದ ರೈತರ ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಕರೆಂಟು ಏಳು ಗಂಟೆಯಿಂದ ಐದಕ್ಕಿಳಿಯಿತು, ಅದೂ ಹಲವೆಡೆ ರಾತ್ರಿ. ಆ ಅಕ್ಟೋಬರಿನಲ್ಲಿ ವಿಜಯಪುರ ಜಿಲ್ಲೆ ಕೊಲ್ಹಾರ ತಾಲ್ಲೂಕಿನ ರೋಣಿಹಾಳದ ರೈತರು ಹೊಲದಲ್ಲಿ ಸಿಕ್ಕ ಮೊಸಳೆಯನ್ನು ಹಿಡಿದು ಕಟ್ಟಿ, ಟ್ರ್ಯಾಕ್ಟರಿನಲ್ಲಿ ವಿತರಣಾ ಕಂಪನಿ ಹೆಸ್ಕಾಂನ ಸಬ್‌ಸ್ಟೇಷನ್ನಿಗೆ ತಂದರು. ರಾತ್ರಿ ನೀರು ಹಾಯಿಸುವಾಗ ಹಾವೋ ಮೊಸಳೆಯೋ ಕಚ್ಚಿ ಸತ್ತರೆ ಯಾರು ಹೊಣೆ ಎಂಬುದು ಅವರ ಪ್ರಶ್ನೆ. ಸುದ್ದಿವಾಹಿನಿಗಳು ಮೊಸಳೆಯನ್ನು ತೋರಿಸಿದವು. ಪ್ರಶ್ನೆಗೆ ಉತ್ತರ ಬರಲಿಲ್ಲ.

ಹಗಲು ಕೊಡಲು ಕರೆಂಟಿಲ್ಲ ಎಂಬ ಮಾತು ಹಿಂದೆ ನಿಜವಿದ್ದಿರಬಹುದು. ಈಗ ಪಾವಗಡದಲ್ಲಿ ರೈತರಿಂದಲೇ ಗೇಣಿಗೆ ಪಡೆದ ಸುಮಾರು 13,000 ಎಕರೆಯ ಮೇಲೆ 2,050 ಮೆಗಾವಾಟ್ ಸೌರ ವಿದ್ಯುತ್ ಹುಟ್ಟುತ್ತದೆ, ಹುಟ್ಟುವುದು ಹಗಲೇ. ಮಹಾರಾಷ್ಟ್ರ 2017ರಿಂದ ಕೃಷಿ ಫೀಡರುಗಳಿಗೆ ಸೌರ ಘಟಕ ಜೋಡಿಸಿ ಹಗಲು ಕೊಡುವ ಯೋಜನೆ ಹಿಡಿದಿದೆ. ಕರ್ನಾಟಕ ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಯ ಫೀಡರು, ಪಂಪಿನ ಫೀಡರು ಬೇರ್ಪಡಿಸುವ ಕೆಲಸವನ್ನು ಎಂದೋ ಕೈಗೆತ್ತಿಕೊಂಡಿತ್ತು. ದಾರಿ ಇದೆ, ನಡೆಯಬೇಕಷ್ಟೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದದ್ದು ಮೈಸೂರು ಸರ್ಕಾರವೇ. ಆಗ ಸರ್ಕಾರಕ್ಕೆ ಆದದ್ದು ಈಗ ಆಗದು ಎಂದರೆ ನಾನು ನಂಬಲಾರೆ.

ಉಚಿತ ಕರೆಂಟನ್ನು ನಾನು ಹಳಿಯುವುದಿಲ್ಲ. ಕರ್ನಾಟಕದಲ್ಲಿ 10 ಎಚ್.ಪಿ.ವರೆಗಿನ ಪಂಪಿಗೆ, 2023ರ ಆಗಸ್ಟಿನಿಂದ ಗೃಹಜ್ಯೋತಿ ಯೋಜನೆಯಲ್ಲಿ ಮನೆಗೆ 200 ಯೂನಿಟ್‌ವರೆಗೆ ಸಿಕ್ಕಿದ್ದು ಬಡವರಿಗೆ ಆಸರೆಯೇ. ಆದರೆ ಬಿಲ್ಲು ಮನ್ನಾ ಮಾಡಿದ ಸರ್ಕಾರ ಆ ಹಣವನ್ನು ವಿತರಣಾ ಕಂಪನಿಗೆ ಹೊತ್ತಿಗೆ ಸರಿಯಾಗಿ ಕಟ್ಟದಿದ್ದರೆ, ಹಳೆ ತಂತಿ ಬದಲಿಸಲು ದುಡ್ಡೆಲ್ಲಿ? ಇನ್ನೊಂದು ಕಷ್ಟವೂ ಇದೆ: ಪುಕ್ಕಟೆ ಕೊಟ್ಟದ್ದಕ್ಕೆ ದೂರು ಬೇರೆ ಎಂಬ ಮಾತಿಗೆ ರೈತ ಬಾಯಿ ಮುಚ್ಚಬೇಕಾಗುತ್ತದೆ.

ಮುಂಬೈಯ ನಮ್ಮ ಸಂಘಗಳು ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಶಾಲೆಯ ಕೊಠಡಿಗೆ ಕೈಬಿಚ್ಚಿ ಕೊಡುತ್ತವೆ. ಅದೇ ಮುತುವರ್ಜಿಯಿಂದ ಇದೊಂದು ಕೆಲಸಕ್ಕೂ ಊರಿನವರ ಜೊತೆ ನಿಲ್ಲಬೇಕೆಂದು ನನ್ನ ಕೋರಿಕೆ. ದರ ಪರಿಷ್ಕರಣೆಗೆ ಮುನ್ನ ಕರ್ನಾಟಕದ ವಿದ್ಯುತ್ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ, ಆಕ್ಷೇಪಣೆಯನ್ನು ಯಾರು ಬೇಕಾದರೂ ಸಲ್ಲಿಸಬಹುದು. ಪ್ರತಿ ಫೀಡರಿನಲ್ಲಿ ಎಷ್ಟು ಗಂಟೆ ಕರೆಂಟು ಇತ್ತು, ಯಾವ ಟಿ.ಸಿ. ಎಷ್ಟು ದಿನಕ್ಕೆ ಬದಲಾಯಿತು ಎಂಬುದನ್ನು ತಿಂಗಳು ತಿಂಗಳು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಬರೆಯುವಂತೆ ಅಲ್ಲಿ ಕೇಳಬೇಕು. ಆಮೇಲೆ ಆ 72 ಗಂಟೆಯನ್ನು 24ಕ್ಕೆ ಇಳಿಸಿರೆಂದು ಕೇಳಬೇಕು.