ಲಾಂಗ್ ಐಲೆಂಡಿನ ಮೋಟಾರು ಪಂದ್ಯಗಳೂ ಒಂದು ಉದ್ಯಾನಪಥದ ಕಥೆಯೂ

ಮಾನವನ ನಾಗರಿಕತೆಯ ಆದಿಮ ಕುರುಹುಗಳಲ್ಲಿ ರಸ್ತೆಯೂ ಒಂದು. ಊರಿನಿಂದ ಊರಿಗೆ ಕಾಲುಹಾದಿ ಬಿದ್ದಂದೇ ಮನುಷ್ಯನಿಗೆ ಮನುಷ್ಯನು ನೆರೆಯವನಾದನು. ಕಾಲುಹಾದಿಯು ಬಂಡಿಯ ಜಾಡಾಗಿ, ಬಂಡಿಯ ಜಾಡು ರಾಜಮಾರ್ಗವಾಗಿ ಬೆಳೆದಂತೆಲ್ಲ ಅದರೊಡನೆ ಒಂದು ಪ್ರಶ್ನೆಯೂ ಬೆಳೆಯುತ್ತ ಬಂದಿತು. ದಾರಿ ಯಾರದು? ನಡೆಯುವವನದೋ, ಓಡುವವನದೋ? ಹಣ ತೆತ್ತವನದೋ, ಪಕ್ಕದಲ್ಲಿ ಮನೆ ಕಟ್ಟಿಕೊಂಡು ಬಾಳುವವನದೋ? ದಾರಿಯ ಬದಿಯಲ್ಲಿ ಮರಗಳನ್ನು ನೆಡಿಸಿ, ಬಾವಿಗಳನ್ನು ತೋಡಿಸಿದೆನೆಂದು ಅಶೋಕ ಚಕ್ರವರ್ತಿಯು ಶಾಸನಗಳಲ್ಲಿ ಹೇಳಿಸಿದಾಗ, ಆ ನೆರಳು ನೀರುಗಳು ಮನುಷ್ಯರಿಗೂ ಪಶುಗಳಿಗೂ ಸಲ್ಲುವವೆಂದೇ ಹೇಳಿಸಿದನು. ಇದೇ ಪ್ರಶ್ನೆಯು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಮೋಟಾರು ವಾಹನವು ಹೊಸದಾಗಿ ಬೀದಿಗಿಳಿದ ಕಾಲದಲ್ಲಿ, ಅಮೆರಿಕದ ಒಂದು ದ್ವೀಪದಲ್ಲಿ ಹೇಗೆ ಎದ್ದಿತು, ಅದಕ್ಕೆ ಯಾವ ಬಗೆಯ ಉತ್ತರ ದೊರೆಯಿತು ಎಂಬುದು ವಿದ್ಯಾರ್ಥಿಗಳು ಅರಿಯತಕ್ಕ ವಿಷಯವಾಗಿದೆ.

ನ್ಯೂಯಾರ್ಕ್ ಮಹಾನಗರದಿಂದ ಪೂರ್ವಕ್ಕೆ, ಅಟ್ಲಾಂಟಿಕ್ ಸಾಗರದೊಳಕ್ಕೆ ಸುಮಾರು ೧೧೮ ಮೈಲಿಗಳಷ್ಟು ಚಾಚಿಕೊಂಡಿರುವ ಭೂಭಾಗವೇ ಲಾಂಗ್ ಐಲೆಂಡ್. ಹೆಸರೇ ಹೇಳುವಂತೆ ಅದು ನೀಳವಾದ ದ್ವೀಪ. ಅದರ ಪಶ್ಚಿಮದ ತುದಿಯು ನಗರದ ಭಾಗವೇ ಆಗಿದ್ದರೂ, ನಡುವಣ ನಸ್ಸಾವ್ ಮತ್ತು ಪೂರ್ವದ ಸಫೋಕ್ ಕೌಂಟಿಗಳು ೧೯೦೦ರ ಸುಮಾರಿಗೆ ಬಹುಮಟ್ಟಿಗೆ ಹೊಲಗದ್ದೆಗಳ ಸೀಮೆಯಾಗಿದ್ದವು. ರೈತರು ಕುದುರೆಬಂಡಿಗಳಲ್ಲಿ ತಮ್ಮ ಬೆಳೆಯನ್ನು ಪೇಟೆಗೆ ಸಾಗಿಸುತ್ತಿದ್ದರು. ಅದೇ ಸೀಮೆಯಲ್ಲಿ ನಗರದ ಕೋಟ್ಯಧೀಶರು ಬೇಸಗೆಯ ಬಂಗಲೆಗಳನ್ನು ಕಟ್ಟಿಸಿಕೊಂಡಿದ್ದರು. ಒಂದೇ ಮಣ್ಣಿನ ರಸ್ತೆಯಲ್ಲಿ ರೈತನ ಬಂಡಿಯೂ ಸಿರಿವಂತನ ಮೋಟಾರೂ ಎದುರುಬದುರಾಗುತ್ತಿದ್ದವು.

ಆ ಸಿರಿವಂತರಲ್ಲಿ ಪ್ರಮುಖನು ಎರಡನೆಯ ವಿಲಿಯಂ ಕಿಸ್ಸಂ ವಾಂಡರ್‌ಬಿಲ್ಟ್. ಹಡಗು ಮತ್ತು ರೈಲುಮಾರ್ಗಗಳಿಂದ ಅಪಾರ ಸಂಪತ್ತನ್ನು ಗಳಿಸಿದ ಕಾರ್ನೇಲಿಯಸ್ ವಾಂಡರ್‌ಬಿಲ್ಟನ ಮರಿಮಗನಾದ ಈತನು ೧೮೭೮ರಲ್ಲಿ ಜನಿಸಿದನು. ಯಂತ್ರವೇಗದ ಹುಚ್ಚು ಇವನಿಗೆ ತಾರುಣ್ಯದಲ್ಲಿಯೇ ಹತ್ತಿತ್ತು. ೧೯೦೪ರ ಜನವರಿಯಲ್ಲಿ ಫ್ಲೋರಿಡಾದ ಕಡಲತೀರದ ಗಟ್ಟಿಮರಳಿನ ಮೇಲೆ ಮರ್ಸಿಡಿಸ್ ವಾಹನವನ್ನು ಓಡಿಸಿ, ಒಂದು ಮೈಲಿಯನ್ನು ೩೯ ಸೆಕೆಂಡುಗಳಲ್ಲಿ ಕ್ರಮಿಸಿ, ಗಂಟೆಗೆ ೯೨ ಮೈಲಿಗಳಿಗೂ ಮೀರಿದ ವೇಗವನ್ನು ಸಾಧಿಸಿದನು. ಆಗ ಯುರೋಪು ಖಂಡದಲ್ಲಿ ಮೋಟಾರು ಪಂದ್ಯಗಳು ಪ್ರಸಿದ್ಧಿಗೆ ಬಂದಿದ್ದವು. ಫ್ರಾನ್ಸ್ ದೇಶದ ವಾಹನಗಳು ಅಗ್ರಸ್ಥಾನದಲ್ಲಿದ್ದು, ಅಮೆರಿಕದ ವಾಹನಗಳು ಅವುಗಳ ಮುಂದೆ ಎಳೆಗೂಸುಗಳಂತಿದ್ದವು. ತನ್ನ ನಾಡಿನ ತಯಾರಕರು ಪರದೇಶದವರೊಡನೆ ಸೆಣಸಿ ಕಲಿಯಲೆಂಬ ಉದ್ದೇಶದಿಂದ ವಾಂಡರ್‌ಬಿಲ್ಟನು ಟಿಫನಿ ಸಂಸ್ಥೆಯಿಂದ ದೊಡ್ಡದೊಂದು ಬೆಳ್ಳಿಯ ಬಟ್ಟಲನ್ನು ಮಾಡಿಸಿ ಬಹುಮಾನವಾಗಿ ಇರಿಸಿದನು. ವಾಂಡರ್‌ಬಿಲ್ಟ್ ಕಪ್ ಎಂಬ ಹೆಸರಿನ ಪಂದ್ಯವು ಹೀಗೆ ಹುಟ್ಟಿತು.

ಆದರೆ ಪಂದ್ಯಕ್ಕೆ ಬೇಕಾದ ಪಥವೆಲ್ಲಿ? ಅದಕ್ಕಾಗಿಯೇ ಕಟ್ಟಿದ ಅಂಗಣಗಳು ಅಂದು ಇರಲಿಲ್ಲ. ನಸ್ಸಾವ್ ಕೌಂಟಿಯ ಸಾರ್ವಜನಿಕ ರಸ್ತೆಗಳನ್ನೇ ಜೋಡಿಸಿ ಸುಮಾರು ಮೂವತ್ತು ಮೈಲಿಗಳ ಒಂದು ಸುತ್ತನ್ನು ಗೊತ್ತುಮಾಡಿದರು. ಧೂಳನ್ನು ಅಡಗಿಸಲು ರಸ್ತೆಗೆ ಎಣ್ಣೆಯನ್ನು ಸುರಿದರು. ನಾಯಿಗಳನ್ನು ಕಟ್ಟಿಹಾಕಿರಿ, ಕೋಳಿಗಳನ್ನು ಕೂಡಿಹಾಕಿರಿ ಎಂದು ಊರೂರಿಗೆ ಎಚ್ಚರಿಕೆಯ ಪತ್ರಗಳನ್ನು ಅಂಟಿಸಿದರು. ತಮ್ಮ ತೆರಿಗೆಯಿಂದ ನಡೆಯುವ ರಸ್ತೆಯಲ್ಲಿ ತಾವೇ ಅಡಗಿ ಕುಳಿತುಕೊಳ್ಳಬೇಕೇ ಎಂದು ರೈತರು ಸಿಡಿಮಿಡಿಗೊಂಡರು. ಪಂದ್ಯವನ್ನು ತಡೆಯಲು ಯತ್ನಿಸಿದರು. ಅವರ ಯತ್ನವು ಫಲಿಸಲಿಲ್ಲ.

೧೯೦೪ರ ಅಕ್ಟೋಬರ್ ೮ರ ಬೆಳಗಿನ ಆರು ಗಂಟೆಗೆ ಮೊದಲ ವಾಹನವು ಹೊರಟಿತು. ಹತ್ತು ಸುತ್ತುಗಳು, ಒಟ್ಟು ಸುಮಾರು ೨೮೪ ಮೈಲಿಗಳ ಓಟ. ಅಂದಿನ ಪಂದ್ಯವಾಹನಕ್ಕೆ ಮಾಡಿಲ್ಲ, ಮರೆಯಿಲ್ಲ, ಸೊಂಟಪಟ್ಟಿಯಿಲ್ಲ. ಚಾಲಕನ ಪಕ್ಕದಲ್ಲಿ ಯಂತ್ರಜ್ಞನೊಬ್ಬನು ಕುಳಿತು, ಎಣ್ಣೆಯನ್ನು ಪಂಪು ಮಾಡುತ್ತ, ಹಿಂದೆ ಬರುವವರನ್ನು ನೋಡುತ್ತ, ತಿರುವಿನಲ್ಲಿ ಮೈಯನ್ನು ಹೊರಕ್ಕೆ ವಾಲಿಸಿ ತೂಕವನ್ನು ಸರಿದೂಗಿಸುತ್ತಿದ್ದನು. ಗಾಲಿಯ ರಬ್ಬರು ಒಡೆದರೆ ಅವರಿಬ್ಬರೇ ಇಳಿದು ಬದಲಿಸಬೇಕು. ಪ್ಯಾರಿಸ್ಸಿನಲ್ಲಿ ನೆಲಸಿದ್ದ ಅಮೆರಿಕದ ಜಾರ್ಜ್ ಹೀತ್ ಎಂಬಾತನು ಫ್ರಾನ್ಸಿನ ಪನಾರ್ ವಾಹನದಲ್ಲಿ ಗಂಟೆಗೆ ಸರಾಸರಿ ೫೨ ಮೈಲಿಗಳ ವೇಗದಿಂದ ಓಡಿ ಗೆದ್ದನು. ಎರಡನೆಯವನಾದ ಆಲ್ಬರ್ಟ್ ಕ್ಲೆಮಾನನು ಹಿಂದೆ ಬಿದ್ದುದು ಎರಡು ನಿಮಿಷಗಳಿಗಿಂತಲೂ ಕಡಮೆ. ಆ ಕೂಡಲೇ ಜನರು ರಸ್ತೆಗೆ ನುಗ್ಗಿದ್ದರಿಂದ ಉಳಿದವರ ಓಟವನ್ನು ಅಲ್ಲಿಗೇ ನಿಲ್ಲಿಸಬೇಕಾಯಿತು. ವಾಹನವೊಂದು ಮಗುಚಿಬಿದ್ದು ಯಂತ್ರಜ್ಞನೊಬ್ಬನು ಅಸುನೀಗಿದ್ದನು. ಗೆದ್ದವನ ಹೆಸರನ್ನು ಪತ್ರಿಕೆಗಳು ದೇಶಾಂತರಗಳಿಗೆ ಹರಡಿದವು. ಮಡಿದವನ ಹೆಸರು ಬಹುಬೇಗ ಮರೆಯಾಯಿತು. ಜಯಸ್ತಂಭದ ಬುಡದಲ್ಲಿ ಇಂಥ ಹೆಸರುಗಳು ಹೂತುಹೋಗಿರುತ್ತವೆಂಬುದನ್ನು ಚರಿತ್ರೆಯನ್ನು ಓದುವವರು ಮರೆಯಬಾರದು.

೧೯೦೫ರಲ್ಲಿ ವಿಕ್ಟರ್ ಎಮರಿಯೂ ೧೯೦೬ರಲ್ಲಿ ಲೂಯಿ ವಾಗ್ನರನೂ ಫ್ರಾನ್ಸಿನ ಡರಾಕ್ ವಾಹನಗಳಲ್ಲಿ ಗೆದ್ದರು. ಪಂದ್ಯದಿಂದ ಪಂದ್ಯಕ್ಕೆ ಜನಸಂದಣಿಯು ಲಕ್ಷಗಟ್ಟಲೆಯಾಗಿ ಬೆಳೆಯಿತು. ಕತ್ತಲಿರುವಾಗಲೇ ನಗರದಿಂದ ರೈಲುಗಳಲ್ಲಿಯೂ ವಾಹನಗಳಲ್ಲಿಯೂ ಬಂದ ಜನರು ರಸ್ತೆಯ ಅಂಚಿನಲ್ಲಲ್ಲ, ರಸ್ತೆಯ ನಡುವಿನಲ್ಲಿಯೇ ನಿಂತು, ವಾಹನವು ಸಮೀಪಿಸಿದಾಗ ಬಾಗಿಲು ತೆರೆದಂತೆ ಇಬ್ಬದಿಗೆ ಸರಿಯುತ್ತಿದ್ದರು. ೧೯೦೬ರಲ್ಲಿ ಹಾಗೆ ಸರಿಯಲಾರದೆ ಹೋದ ಪ್ರೇಕ್ಷಕನೊಬ್ಬನು ಪ್ರಾಣವನ್ನು ಕಳೆದುಕೊಂಡನು. ೧೯೦೭ರಲ್ಲಿ ಪಂದ್ಯವು ನಡೆಯಲಿಲ್ಲ.

ಸಾರ್ವಜನಿಕ ರಸ್ತೆಯಲ್ಲಿ ವೇಗಕ್ಕೆ ಸ್ಥಾನವಿಲ್ಲವೆಂಬುದು ಈಗ ವಾಂಡರ್‌ಬಿಲ್ಟನಿಗೂ ಮನವರಿಕೆಯಾಗಿತ್ತು. ಆದರೆ ಅವನು ವೇಗವನ್ನು ಬಿಡಲಿಲ್ಲ. ವೇಗಕ್ಕಾಗಿಯೇ ಬೇರೆ ರಸ್ತೆಯನ್ನು ಕಟ್ಟಲು ಹೊರಟನು. ೧೯೦೬ರಲ್ಲಿ ಸ್ನೇಹಿತರೊಡನೆ ಕೂಡಿ ಲಾಂಗ್ ಐಲೆಂಡ್ ಮೋಟಾರ್ ಪಾರ್ಕ್‌ವೇ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. ಪಾರ್ಕ್‌ವೇ ಎಂದರೆ ಉದ್ಯಾನಪಥ. ಈ ಮಾತನ್ನು ರೂಢಿಗೆ ತಂದವರು ಆಲ್ಮ್‌ಸ್ಟೆಡ್ ಮತ್ತು ವಾಕ್ಸ್ ಎಂಬ ಉದ್ಯಾನಶಿಲ್ಪಿಗಳು. ಅವರು ೧೮೭೦ರ ದಶಕದಲ್ಲಿ ಬ್ರೂಕ್ಲಿನ್ನಿನಲ್ಲಿ ರೂಪಿಸಿದ ಈಸ್ಟರ್ನ್ ಪಾರ್ಕ್‌ವೇ ಎಂಬ ಸಾಲುಮರದ ದಾರಿಯು ಕುದುರೆಗಾಡಿಯಲ್ಲಿ ವಿಹರಿಸುವವರಿಗೂ ಕಾಲ್ನಡಿಗೆಯವರಿಗೂ ಸಮಾನವಾಗಿ ತೆರೆದಿತ್ತು. ವಾಂಡರ್‌ಬಿಲ್ಟನ ಪಥವಾದರೋ ಹೆಸರಿನಲ್ಲಿ ಮಾತ್ರ ಉದ್ಯಾನ. ಅದು ಖಾಸಗಿಯಾದದ್ದು, ಸುಂಕ ಕೊಟ್ಟವರಿಗೆ ಮಾತ್ರ ತೆರೆದದ್ದು, ಮೋಟಾರು ವಾಹನಕ್ಕೆ ಮಾತ್ರ ಮೀಸಲಾದದ್ದು.

೧೯೦೮ರ ಜೂನ್ ತಿಂಗಳಲ್ಲಿ ಕೆಲಸವು ಆರಂಭವಾಗಿ, ಅದೇ ಅಕ್ಟೋಬರಿನಲ್ಲಿ ಮೊದಲ ಭಾಗವು ಸಿದ್ಧವಾಯಿತು. ಈ ಪಥದ ರಚನೆಯಲ್ಲಿ ಎರಡು ವಿಶೇಷಗಳಿದ್ದವು. ಮೊದಲನೆಯದು, ಧೂಳೇಳದಂತೆ ಕಬ್ಬಿಣದ ಜಾಲವನ್ನು ಒಳಗಿಟ್ಟು ಹಾಸಿದ ಕಾಂಕ್ರೀಟಿನ ಮೈ. ಎರಡನೆಯದು ಅದಕ್ಕಿಂತಲೂ ಮುಖ್ಯವಾದದ್ದು. ಅಡ್ಡ ಬರುವ ಯಾವ ರಸ್ತೆಯೂ, ಯಾವ ರೈಲುಮಾರ್ಗವೂ ಇದನ್ನು ಸಮತಲದಲ್ಲಿ ಸಂಧಿಸುತ್ತಿರಲಿಲ್ಲ. ಕೂಡುವೆಡೆಗಳಲ್ಲೆಲ್ಲ ಸೇತುವೆಯನ್ನು ಕಟ್ಟಿ, ಒಂದು ದಾರಿಯನ್ನು ಮೇಲಕ್ಕೂ ಇನ್ನೊಂದನ್ನು ಕೆಳಕ್ಕೂ ಸಾಗಿಸಿದ್ದರು. ಪಥವು ಪೂರ್ಣವಾದಾಗ ಇಂತಹ ಸೇತುವೆಗಳ ಸಂಖ್ಯೆ ೬೫ ಆಗಿತ್ತು. ತಿರುವುಗಳಲ್ಲಿ ಹೊರ ಅಂಚನ್ನು ಎತ್ತರಿಸಿದ್ದುದರಿಂದ ವೇಗವಾಗಿ ಬರುವ ವಾಹನವು ಹೊರಕ್ಕೆ ಜಾರುತ್ತಿರಲಿಲ್ಲ. ಇಂದು ಲೋಕದ ಅನೇಕ ಹೆದ್ದಾರಿಗಳಲ್ಲಿ ಕಾಣುವ ಈ ತತ್ತ್ವಗಳನ್ನು ಕೇವಲ ಮೋಟಾರು ವಾಹನಕ್ಕಾಗಿ ಕಟ್ಟಿದ ರಸ್ತೆಯೊಂದರಲ್ಲಿ ಒಟ್ಟುಗೂಡಿಸಿದ ಮೊದಮೊದಲ ಯತ್ನವಿದು.

೧೯೦೮ರ ಅಕ್ಟೋಬರ್ ೨೪ರ ಪಂದ್ಯದ ಸುತ್ತಿನಲ್ಲಿ ಹೊಸ ಪಥದ ಭಾಗವೂ ಸೇರಿತ್ತು. ಅಂದು ಜಾರ್ಜ್ ರಾಬರ್ಟ್‌ಸನ್ ಎಂಬ ತರುಣನು ಅಮೆರಿಕದಲ್ಲಿಯೇ ತಯಾರಾದ, ೧೬ನೆಯ ಸಂಖ್ಯೆಯ ಲೋಕೊಮೊಬೈಲ್ ವಾಹನವನ್ನು ನಡೆಸುತ್ತಿದ್ದನು. ಕೊನೆಯ ಘಟ್ಟದಲ್ಲಿ ಗಾಲಿಯ ರಬ್ಬರು ಒಡೆಯಿತು. ಅವನೂ ಯಂತ್ರಜ್ಞನೂ ಇಳಿದು ಅವಸರದಿಂದ ಬದಲಿಸಿ, ಮತ್ತೆ ಓಡಿಸಿ, ಎರಡು ನಿಮಿಷಗಳಿಗೂ ಕಡಮೆಯ ಅಂತರದಿಂದ ಗೆದ್ದರು. ಅಮೆರಿಕದ ವಾಹನವೊಂದು ಈ ಬಟ್ಟಲನ್ನು ಗೆದ್ದುದು ಅದೇ ಮೊದಲು. ೧೯೦೯ ಮತ್ತು ೧೯೧೦ರಲ್ಲಿ ಹ್ಯಾರಿ ಗ್ರಾಂಟನು ರೈಲು ಇಂಜಿನುಗಳ ತಯಾರಕರು ನಿರ್ಮಿಸಿದ ಆಲ್ಕೊ ವಾಹನದಲ್ಲಿ ಸತತವಾಗಿ ಎರಡು ಬಾರಿ ಗೆದ್ದನು. ಎರಡನೆಯ ಗೆಲುವಿನ ಅಂತರ ೨೫ ಸೆಕೆಂಡುಗಳು ಮಾತ್ರ. ಎಳೆಗೂಸು ಬೆಳೆದು ಗುರುವನ್ನು ಮೀರಿಸಿತ್ತು. ವಾಂಡರ್‌ಬಿಲ್ಟನ ಮೂಲೋದ್ದೇಶವು ಸಫಲವಾಯಿತೆಂದೇ ಹೇಳಬೇಕು.

ಆದರೆ ಅದರ ಬೆಲೆ? ಪಂದ್ಯದ ಸುತ್ತಿನ ಒಂದು ಭಾಗವು ಮಾತ್ರ ಹೊಸ ಪಥವಾಗಿದ್ದು, ಉಳಿದುದು ಹಳೆಯ ಸಾರ್ವಜನಿಕ ರಸ್ತೆಯೇ ಆಗಿತ್ತು. ೧೯೧೦ರ ಅಕ್ಟೋಬರ್ ೧ರ ಪಂದ್ಯದಲ್ಲಿ ಇಬ್ಬರು ಯಂತ್ರಜ್ಞರು ಮಡಿದರು. ಪ್ರೇಕ್ಷಕರಲ್ಲಿ ಅನೇಕರು ಗಾಯಗೊಂಡರು. ಲೋಕದ ತಾಳ್ಮೆಯು ಮುಗಿಯಿತು. ಪ್ರತ್ಯೇಕವಾಗಿ ನಿರ್ಮಿಸಿದ ಅಂಗಣಗಳ ಹೊರತು ಬೇರೆಲ್ಲಿಯೂ ಪಂದ್ಯಗಳನ್ನು ನಡೆಸಕೂಡದೆಂದು ನ್ಯೂಯಾರ್ಕ್ ರಾಜ್ಯವು ಶಾಸನವನ್ನು ಮಾಡಿತು. ೧೯೧೧ರಲ್ಲಿ ವಾಂಡರ್‌ಬಿಲ್ಟ್ ಬಟ್ಟಲು ಜಾರ್ಜಿಯಾ ರಾಜ್ಯದ ಸವಾನ್ನಾ ನಗರಕ್ಕೆ ಹೋಯಿತು. ಆಮೇಲೆ ಮಿಲ್ವಾಕಿ, ಸಾಂತಾ ಮೋನಿಕಾ, ಸಾನ್ ಫ್ರಾನ್ಸಿಸ್ಕೊಗಳನ್ನು ಸುತ್ತಿ ೧೯೧೬ರಲ್ಲಿ ವಿರಮಿಸಿತು. ೧೯೩೬ ಮತ್ತು ೧೯೩೭ರಲ್ಲಿ ಆ ಹೆಸರಿನ ಪಂದ್ಯವು ಲಾಂಗ್ ಐಲೆಂಡಿಗೆ ಮರಳಿ ಬಂದಿತಾದರೂ, ಆಗ ಓಡಿದ್ದು ಬೇಲಿ ಹಾಕಿದ ಅಂಗಣದಲ್ಲಿ. ಮೊದಲು ಅಡಗಿ ಕುಳಿತಿರೆಂದು ಎಚ್ಚರಿಕೆ ಪಡೆದ ರೈತರ ಆಕ್ಷೇಪಣೆಯು ಆರು ವರ್ಷಗಳ ಬಳಿಕ ಕಾನೂನಿನ ರೂಪವನ್ನು ತಳೆಯಿತು. ಆ ಮಾತನ್ನು ಮೊದಲೇ ಕೇಳಿದ್ದರೆ ಉಳಿಯುತ್ತಿದ್ದ ಪ್ರಾಣಗಳು ಕೆಲವಿದ್ದವು.

ಪಂದ್ಯವು ಹೋದರೂ ಪಥವು ಉಳಿಯಿತು. ಪೂರ್ವದ ರಿವರ್‌ಹೆಡ್ಡಿನ ತನಕ ಒಯ್ಯಬೇಕೆಂಬ ಸಂಕಲ್ಪವು ಕೈಗೂಡದೆ, ಕ್ವೀನ್ಸಿನಿಂದ ರಾಂಕಾಂಕಮ ಸರೋವರದವರೆಗೆ ಸುಮಾರು ೪೫ ಮೈಲಿಗಳಿಗೆ ಅದು ನಿಂತಿತು. ಪ್ರವೇಶದ್ವಾರಗಳಲ್ಲಿ ಸುಂಕದ ಮನೆಗಳಿದ್ದವು. ಅವುಗಳಲ್ಲಿ ಕೆಲವನ್ನು ರೂಪಿಸಿದವನು, ಮುಂದೆ ವಾಷಿಂಗ್ಟನ್ನಿನ ಜೆಫರ್ಸನ್ ಸ್ಮಾರಕವನ್ನು ರೂಪಿಸಿದ ಜಾನ್ ರಸೆಲ್ ಪೋಪ್. ಸುಂಕದವನು ಹೆಂಡತಿ ಮಕ್ಕಳೊಡನೆ ಅಲ್ಲಿಯೇ ವಾಸವಾಗಿದ್ದು, ಹಗಲಿರುಳೆನ್ನದೆ ಬಂದವರಿಗೆ ದ್ವಾರವನ್ನು ತೆರೆಯಬೇಕಾಗಿತ್ತು. ಮೊದಲು ಎರಡು ಡಾಲರುಗಳಿದ್ದ ಸುಂಕವು ಕಾಲಕ್ರಮದಲ್ಲಿ ಒಂದೂವರೆಗೂ, ಒಂದಕ್ಕೂ, ಕಡೆಗೆ ೪೦ ಸೆಂಟುಗಳಿಗೂ ಇಳಿಯಿತು. ಈ ಇಳಿಕೆಯಲ್ಲಿಯೇ ಪಥದ ಅವಸಾನವನ್ನು ಓದಬಹುದು.

ಅವಸಾನಕ್ಕೆ ಕಾರಣಗಳು ಪಥದ ಹುಟ್ಟಿನಲ್ಲಿಯೇ ಅಡಗಿದ್ದವು. ಕೆಲವೇ ಸಿರಿವಂತರ ಹಗುರವಾದ ಓಡಾಟಕ್ಕೆಂದು ಕಟ್ಟಿದ್ದರಿಂದ ಅದರ ಅಗಲ ೧೬ರಿಂದ ೨೨ ಅಡಿಗಳು ಮಾತ್ರ. ನೆಲವನ್ನು ಕೊಡಲೊಪ್ಪದವರ ಹೊಲಗಳನ್ನು ಬಳಸಿಕೊಂಡು ಹೋಗಬೇಕಾಗಿದ್ದುದರಿಂದ ತಿರುವುಗಳು ಹೆಚ್ಚು. ಸೇತುವೆಗಳ ಏರಿಳಿತ ಕಡಿದು. ಅಷ್ಟರಲ್ಲಿ ಮೋಟಾರು ವಾಹನವು ಸಾಮಾನ್ಯ ಗೃಹಸ್ಥನ ಅಂಗಳಕ್ಕೂ ಬಂದಿತ್ತು. ೧೯೨೫ರಲ್ಲಿ ಪೂರ್ಣಗೊಂಡ ಬ್ರಾಂಕ್ಸ್ ನದಿಯ ಪಾರ್ಕ್‌ವೇಯು, ಮಲಿನವಾದ ನದಿಯೊಂದನ್ನು ಶುದ್ಧಿಗೊಳಿಸಿ, ಅದರ ದಡದ ಉದ್ಯಾನದ ನಡುವೆ ಸಾರ್ವಜನಿಕ ದಾರಿಯನ್ನು ಹೇಗೆ ನಡೆಸಬಹುದೆಂಬುದನ್ನು ತೋರಿಸಿಕೊಟ್ಟಿತ್ತು. ಅದೇ ಜಾಡಿನಲ್ಲಿ ರಾಬರ್ಟ್ ಮೋಸೆಸ್ ಎಂಬ ಪ್ರಬಲ ಅಧಿಕಾರಿಯು ಲಾಂಗ್ ಐಲೆಂಡಿನಲ್ಲಿ ವಿಶಾಲವಾದ, ಸುಂಕವಿಲ್ಲದ ಉದ್ಯಾನಪಥಗಳನ್ನು ಕಟ್ಟಿಸಿದನು. ನಾರ್ದರ್ನ್ ಸ್ಟೇಟ್ ಪಾರ್ಕ್‌ವೇಯು ವಾಂಡರ್‌ಬಿಲ್ಟನ ಪಥದ ಸಮೀಪದಲ್ಲಿಯೇ ತೆರೆದಾಗ, ಕಾಸು ಕೊಟ್ಟು ಇಕ್ಕಟ್ಟಿನಲ್ಲಿ ಹೋಗುವವರು ಯಾರು? ೧೯೩೮ರಲ್ಲಿ ಪಥವನ್ನು ಮುಚ್ಚಿ, ಬಾಕಿ ನಿಂತ ತೆರಿಗೆಗೆ ಬದಲಾಗಿ ಸರ್ಕಾರಕ್ಕೆ ಒಪ್ಪಿಸಲಾಯಿತು. ವಾಂಡರ್‌ಬಿಲ್ಟನು ೧೯೪೪ರಲ್ಲಿ ತೀರಿಕೊಂಡನು.

ಇಂದು ಆ ಪಥವನ್ನು ಹುಡುಕುವವನಿಗೆ ಅದು ತುಂಡು ತುಂಡಾಗಿ ಸಿಕ್ಕುತ್ತದೆ. ಸಫೋಕ್ ಕೌಂಟಿಯಲ್ಲಿ ಒಂದು ಭಾಗವು ೬೭ನೆಯ ಸಂಖ್ಯೆಯ ಸಾಮಾನ್ಯ ರಸ್ತೆಯಾಗಿ ವಾಂಡರ್‌ಬಿಲ್ಟನ ಹೆಸರನ್ನೇ ಹೊತ್ತುಕೊಂಡಿದೆ. ಪಂದ್ಯದ ಪ್ರೇಕ್ಷಕಮಂಟಪವಿದ್ದ ಬಯಲಿನಲ್ಲಿ, ಎರಡನೆಯ ಮಹಾಯುದ್ಧದ ಬಳಿಕ ಲೆವಿಟ್‌ಟೌನ್ ಎಂಬ ಸಾಲುಮನೆಗಳ ಊರು ಎದ್ದಿತು. ಸುಂಕದ ಮನೆಯೊಂದನ್ನು ೧೯೮೯ರಲ್ಲಿ ಬುಡಸಹಿತ ಎತ್ತಿ ಸಾಗಿಸಿ, ಗಾರ್ಡನ್ ಸಿಟಿಯಲ್ಲಿ ವರ್ತಕರ ಸಂಘದ ಕಚೇರಿಯನ್ನಾಗಿ ಕಾಪಾಡಿದ್ದಾರೆ. ಬೆಳ್ಳಿಯ ಬಟ್ಟಲು ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ರಾಬರ್ಟ್‌ಸನ್ನನ ೧೬ನೆಯ ಸಂಖ್ಯೆಯ ವಾಹನವನ್ನು ಚಿತ್ರಕಾರ ಪೀಟರ್ ಹೆಲ್ಕನು ದಶಕಗಳ ಕಾಲ ಜೋಪಾನ ಮಾಡಿದನು; ಅದೀಗ ಡಿಯರ್‌ಬಾರ್ನಿನ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿದೆ. ಕ್ವೀನ್ಸಿನಲ್ಲಿ ಕನ್ನಿಂಗ್‌ಹ್ಯಾಮ್ ಉದ್ಯಾನದಿಂದ ಆಲಿ ಪಾಂಡ್ ಉದ್ಯಾನದವರೆಗಿನ ಭಾಗವು ೧೯೩೮ರಲ್ಲಿಯೇ ಸೈಕಲ್ ಸವಾರರ ದಾರಿಯಾಯಿತು. ಹಳೆಯ ಸೇತುವೆಗಳು ಅಲ್ಲಿ ಇಂದಿಗೂ ನಿಂತಿವೆ. ೨೦೦೨ರಲ್ಲಿ ಅದನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿಸಲಾಯಿತು.

ಕಾಲದ ಲೀಲೆ ಇಲ್ಲಿಯೇ ಇದೆ. ಭೂಮಿಯ ಮೇಲೆ ಯಾರೂ ಓಡದಷ್ಟು ವೇಗವಾಗಿ ಓಡಬೇಕೆಂದು ಕೋಟ್ಯಧೀಶನೊಬ್ಬನು ಕಟ್ಟಿಸಿದ ದಾರಿಯಲ್ಲಿ ಈಗ ಮೋಟಾರಿಗೇ ಪ್ರವೇಶವಿಲ್ಲ. ಮುದುಕರು ಕೋಲೂರಿಕೊಂಡು ನಡೆಯುತ್ತಾರೆ. ಮಕ್ಕಳು ಸೈಕಲ್ ಕಲಿಯುತ್ತಾರೆ. ಹಣ ತೆತ್ತವರಿಗೆ ಮಾತ್ರ ತೆರೆದಿದ್ದ ಹಾದಿಯು ಎಲ್ಲರಿಗೂ ತೆರೆದ ಮೇಲೆಯೇ ಪಾರ್ಕ್‌ವೇ ಎಂಬ ತನ್ನ ಹೆಸರಿಗೆ ತಕ್ಕುದಾಯಿತು. ಆದರೂ ಆತನ ಸಾಹಸವು ವ್ಯರ್ಥವಾಯಿತೆನ್ನಲಾಗದು. ಅಡ್ಡರಸ್ತೆಯನ್ನು ಸೇತುವೆಯಿಂದ ದಾಟಿಸಿ, ಓಡುವವನನ್ನೂ ನಡೆಯುವವನನ್ನೂ ಬೇರೆ ಬೇರೆ ದಾರಿಗಳಲ್ಲಿ ಕ್ಷೇಮವಾಗಿ ಕಳುಹಿಸುವ ಉಪಾಯವು ಆ ದಾರಿಯ ಉಳಿದ ಫಲ.

ಈ ಚರಿತ್ರೆಯು ಮರೆಯಾಗದೆ ಉಳಿದುದಕ್ಕೆ ಅರಸರಾಗಲಿ ಸರ್ಕಾರವಾಗಲಿ ಮಾತ್ರ ಕಾರಣರಲ್ಲ. ಪೊದೆಗಳ ನಡುವೆ ಮುಳುಗಿದ ಕಾಂಕ್ರೀಟಿನ ಕಂಬವೊಂದನ್ನು ಕಂಡು, ಇದೇಕೆ ಇಲ್ಲಿದೆ ಎಂದು ಕೇಳಿಕೊಂಡ ಸ್ಥಳೀಯ ಜನರು, ಹಳೆಯ ನಕ್ಷೆಗಳನ್ನೂ ಛಾಯಾಚಿತ್ರಗಳನ್ನೂ ಕೂಡಿಸಿ ಅದನ್ನು ಉಳಿಸಿಕೊಂಡರು. ಸ್ಥಳಚರಿತ್ರೆಯು ಹುಟ್ಟುವುದು ಇಂತಹ ಒಂದು ಪ್ರಶ್ನೆಯಿಂದಲೇ. ತಮ್ಮ ತಮ್ಮ ಊರಿನ ಬದಿಯಲ್ಲಿ ಓರೆಯಾಗಿ ನಿಂತ ಮೈಲಿಗಲ್ಲನ್ನೂ, ಹಾಳುಬಿದ್ದ ಸುಂಕದ ಕಟ್ಟೆಯನ್ನೂ, ಹೊಸ ರಸ್ತೆಗೆ ಬಲಿಯಾಗದೆ ಉಳಿದ ಸಾಲುಮರವನ್ನೂ ದಿನವೂ ಹಾದುಹೋಗುವ ವಿದ್ಯಾರ್ಥಿಗಳು ಒಮ್ಮೆ ನಿಂತು ಅದೇ ಪ್ರಶ್ನೆಯನ್ನು ಕೇಳಿಕೊಂಡರೆ, ಅವರ ವಿದ್ಯೆಗೆ ನೆಲೆಯೂ ದೊರೆಯುತ್ತದೆ, ನೆಲಕ್ಕೆ ನೆನಪೂ ಉಳಿಯುತ್ತದೆ.