ಶಾಲೆ ನಡೆಸುವ ಓದು ಕನ್ನಡದಲ್ಲಿ ಬೇಕು

ರಾಯಚೂರು ಜಿಲ್ಲೆಯಲ್ಲಿ ಕೂಲಿ ಕುಟುಂಬಗಳು ಬೆಂಗಳೂರಿನ ಕಟ್ಟಡ ಕಾಮಗಾರಿಗಳಿಗೆ ಗುಳೆ ಹೊರಡುವುದು ಹೊಸದಲ್ಲ. ಹತ್ತಿ ಬಿಡಿಸುವ ದಿನಗಳಲ್ಲಿ ಮಕ್ಕಳೂ ಹೊಲದಲ್ಲಿರುತ್ತಾರೆ. ಹಾಜರಿ ಕುಸಿದಾಗ ಗುರುಗುಂಟಾದಂತಹ ಊರಿನ ಮುಖ್ಯ ಶಿಕ್ಷಕರು ಮಾಡಬೇಕಾದುದೇನು? ಬಿ.ಇಡಿ. ಪದವಿ ಪಾಠ ಹೇಳುವುದನ್ನು ಕಲಿಸುತ್ತದೆ, ಶಾಲೆ ನಡೆಸುವುದನ್ನಲ್ಲ. ಸೇವಾ ಹಿರಿತನದಿಂದ ಬಡ್ತಿ ದೊರೆತ ಮರುದಿನವೇ ಬಿಸಿಯೂಟದ ಲೆಕ್ಕ, ಎಸ್‌ಡಿಎಂಸಿ ಸಭೆ, ಸಹೋದ್ಯೋಗಿಗಳ ಮುನಿಸು ಎಲ್ಲವೂ ಅವರ ಹೆಗಲೇರುತ್ತವೆ.

ಇದಕ್ಕೆ ತಕ್ಕ ಓದು ದೇಶದಲ್ಲಿ ಇಲ್ಲವೆಂದಲ್ಲ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಎಂ.ಎ. ಶಿಕ್ಷಣ ಪದವಿಯಲ್ಲಿ ಶೈಕ್ಷಣಿಕ ನಿರ್ವಹಣೆಯನ್ನು ವಿಶೇಷ ವಿಷಯವಾಗಿ ಆಯ್ದುಕೊಳ್ಳಬಹುದು, ನೌಕರಿ ಬಿಡಬೇಕಿಲ್ಲ. ಆದರೆ ಮಾಧ್ಯಮ ಇಂಗ್ಲಿಷ್ ಇಲ್ಲವೇ ಹಿಂದಿ. ಇಪ್ಪತ್ತು ವರ್ಷ ಕನ್ನಡದಲ್ಲೇ ಕಲಿಸಿದವರು ತಮ್ಮ ಶಾಲೆಯ ಕಷ್ಟವನ್ನು ಪರಭಾಷೆಯಲ್ಲಿ ನಿರೂಪಿಸಬೇಕು. ಅಲ್ಪಾವಧಿಯ ತರಬೇತಿಗಳು ಉಪಯುಕ್ತವೇ ಹೌದು, ಪದವಿಗೆ ಸಮನಲ್ಲ.

1996ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವು ಶಾಲಾ ನಾಯಕತ್ವವನ್ನೇ ಕೇಂದ್ರವಾಗಿಸಿಕೊಂಡ ಸ್ನಾತಕೋತ್ತರ ಪದವಿಯೊಂದನ್ನು ಕನ್ನಡದಲ್ಲಿ ರೂಪಿಸಬೇಕು. ಅಭ್ಯರ್ಥಿಯ ಸ್ವಂತ ಶಾಲೆಯ ಹಾಜರಿ ಪುಸ್ತಕವೇ ಪ್ರಬಂಧದ ವಸುವಾಗಲಿ. ಶುಲ್ಕವನ್ನು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಭರಿಸಬಹುದು. 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದುದು ಕಟ್ಟಡಗಳಿಗಾಗಿ ಮಾತ್ರವಲ್ಲ. ಗೋಡೆ ಎದ್ದರೆ ಫಲಕ ಹಾಕಬಹುದು, ಶಿಕ್ಷಕರ ಓದಿಗೆ ಫಲಕವಿಲ್ಲ ಎಂಬ ಕಷ್ಟ ಆಡಳಿತದಲ್ಲಿದ್ದ ನಮಗೆಲ್ಲ ಗೊತ್ತು!

ಬಡ್ತಿಯಲ್ಲಿ ಬೆಲೆಯಿಲ್ಲದ ಪದವಿಯನ್ನು ಯಾರೂ ಓದಲಾರರು. ಹಿರಿತನವನ್ನು ಕೈಬಿಡುವುದು ಬೇಡ. ಸಮಾನ ಹಿರಿತನದವರಲ್ಲಿ ಓದಿದವರಿಗೆ ಆದ್ಯತೆ ನೀಡಿದರೆ ಸಾಕು. ಸಂಪರ್ಕ ತರಗತಿಗಳು ಮಾತ್ರ ಲಿಂಗಸುಗೂರಿನಲ್ಲೇ ನಡೆಯಬೇಕು. ಗುರುಗುಂಟಾದಿಂದ ಭಾನುವಾರ ಬೆಳಿಗ್ಗೆ ಹೊರಟವರು ಸಂಜೆಗೆ ಮನೆ ಸೇರಬಹುದಾದ ದೂರ ಅದು.